ಓಟಕ್ಕೆ ಅಂಕ ಉಂಟು, ಹಸ್ತಾಂತರಕ್ಕೆ ಇಲ್ಲ

ಬೋಧನಾಭ್ಯಾಸ ಮುಗಿದ ದಿನ ನಮ್ಮ ಕೈಯಲ್ಲಿ ಏನೇನು ಉಳಿಯುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಸಹಿ ಬಿದ್ದ ಪಾಠಯೋಜನೆಗಳು, ಅವಲೋಕನ ಪಟ್ಟಿಗಳು, ಘಟಕ ಪರೀಕ್ಷೆಯ ವಿಶ್ಲೇಷಣೆ, ಚಾರ್ಟುಗಳ ಸುರುಳಿ, ಮುಖ್ಯ ಶಿಕ್ಷಕರು ಕೊಟ್ಟ ಪ್ರಮಾಣಪತ್ರ, ಮಕ್ಕಳೊಂದಿಗೆ ತೆಗೆಸಿಕೊಂಡ ಫೋಟೊ. ಆದರೆ ಅದೇ ದಿನ ಆ ಶಾಲೆಯ ಕೈಯಲ್ಲಿ ಏನು ಉಳಿಯುತ್ತದೆ? ನಾವು ಇಷ್ಟು ವಾರ ಪಾಠ ಮಾಡಿದ ತರಗತಿಗೆ ಮರುದಿನ ಕಾಲಿಡುವ ಶಿಕ್ಷಕರಿಗೆ ನಾವು ಏನನ್ನು ಕೊಟ್ಟು ಬರುತ್ತೇವೆ? ಈ ಪ್ರಶ್ನೆಗೆ ನಮ್ಮ ದಾಖಲೆ ಪುಸ್ತಕಗಳಲ್ಲಿ ಒಂದು ಪುಟವೂ ಇಲ್ಲ. ಇರಬೇಕು ಎಂಬುದು ಈ ಲೇಖನದ ವಾದ.

ಈ ಯೋಚನೆ ನನಗೆ ಬಂದದ್ದು ಶಿಕ್ಷಣಶಾಸ್ತ್ರದ ಪುಸ್ತಕ ಓದುವಾಗ ಅಲ್ಲ, ಓಡುವಾಗ. ಹೋದ ಅಕ್ಟೋಬರ್ ಕೊನೆಯಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟಗಳ ಕಾಲುಹಾದಿಯಲ್ಲಿ ನಡೆದ ಒಂದು ತಂಡದ ರಿಲೇ ಓಟದಲ್ಲಿ ಭಾಗವಹಿಸಿದ್ದೆ. ನಮ್ಮ ಕಾಲೇಜಿನ ನಾಲ್ವರು ಪ್ರಶಿಕ್ಷಣಾರ್ಥಿಗಳು, ಒಬ್ಬ ಹಳೆಯ ವಿದ್ಯಾರ್ಥಿ, ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕರು, ಹೀಗೆ ಆರು ಜನರ ತಂಡ. ಹತ್ತು ಕಿಲೋಮೀಟರಿನ ಒಂದು ಸುತ್ತು. ತೋಟದ ಕಣದಿಂದ ಹೊರಟು, ಗುಡ್ಡ ಹತ್ತಿ ಇಳಿದು, ಮತ್ತೆ ಕಣಕ್ಕೇ ಬರಬೇಕು. ಒಬ್ಬೊಬ್ಬರಿಗೆ ಎರಡು ಸುತ್ತು, ಒಟ್ಟು 120 ಕಿಲೋಮೀಟರು. ಶನಿವಾರ ಮಧ್ಯಾಹ್ನ ಮೂರಕ್ಕೆ ಆರಂಭ, ನಮ್ಮ ತಂಡ ಮುಗಿಸಿದ್ದು ಭಾನುವಾರ ಬೆಳಗ್ಗೆ ಎಂಟು ದಾಟಿದ ಮೇಲೆ. ಒಬ್ಬರು ಓಡುವಾಗ ಐವರು ಕಣದಲ್ಲಿ ಕಾಯುತ್ತಿರುತ್ತಾರೆ. ಬಂದವರು ಸೊಂಟದ ಪಟ್ಟಿ ಬಿಚ್ಚಿ ಕೊಟ್ಟ ಮೇಲೆ ಮುಂದಿನವರು ಹೊರಡಬೇಕು.

ಇಂಥ ಓಟ ಹೊಸತೇನಲ್ಲ. ಅಮೆರಿಕದ ರಾಗ್ನಾರ್ ಟ್ರೈಲ್ ರಿಲೇಗಳಲ್ಲಿ ಸಾಮಾನ್ಯವಾಗಿ ಎಂಟು ಜನರ ತಂಡ ಇರುತ್ತದೆ. ಬೇರೆ ಬೇರೆ ಕಷ್ಟದ ಮೂರು ಸುತ್ತುಗಳನ್ನು ಪ್ರತಿಯೊಬ್ಬರೂ ಹಗಲುರಾತ್ರಿ ಸರದಿಯಲ್ಲಿ ಓಡಿ ಮುಗಿಸುತ್ತಾರೆ. ಜಪಾನಿನಲ್ಲಂತೂ ದೂರದ ರಿಲೇ ಓಟಕ್ಕೆ 'ಎಕಿಡೆನ್' ಎಂಬ ಹೆಸರೇ ಇದೆ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ರಿಲೇ ಎಂದರೆ ತಾಲ್ಲೂಕು ಮಟ್ಟದ ಕ್ರೀಡಾಕೂಟದ ನಾಲ್ಕು ನೂರರ ಓಟ. ಎರಡಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ನೋಡೋಣ. ನನ್ನ ವಾದ ನಿಂತಿರುವುದು ಅದರ ಮೇಲೆಯೇ.

ಟ್ರ್ಯಾಕಿನ ರಿಲೇಯಲ್ಲಿ ಕೋಲು ಬದಲಾಗುವುದಕ್ಕೆ 30 ಮೀಟರಿನ ವಲಯ ಇರುತ್ತದೆ. ಕೋಲು ಪಡೆಯುವವರು ನಿಂತು ಪಡೆಯುವುದಿಲ್ಲ, ಓಡುತ್ತಲೇ ಪಡೆಯುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಮೈಕಾದ ನಾಲ್ವರು 400 ಮೀಟರನ್ನು 36.84 ಸೆಕೆಂಡಿನಲ್ಲಿ ಮುಗಿಸಿದರು. ನಾಲ್ಕರಿಂದ ಭಾಗಿಸಿದರೆ ತಲೆಗೆ 9.21 ಸೆಕೆಂಡು. ಉಸೇನ್ ಬೋಲ್ಟ್ ಒಬ್ಬರೇ ಓಡಿ ಮಾಡಿದ ನೂರು ಮೀಟರಿನ ವಿಶ್ವದಾಖಲೆ 9.58. ವಿಶ್ವದಾಖಲೆಗಿಂತ ವೇಗವಾಗಿ ನಾಲ್ವರೂ ಓಡಿದರೇ? ಇಲ್ಲ. ಎರಡನೆಯವರಿಂದ ಮುಂದೆ ಎಲ್ಲರೂ ಕೋಲು ಪಡೆಯುವ ಹೊತ್ತಿಗೆ ಆಗಲೇ ಜವ ಹಿಡಿದಿದ್ದರು, ಅಷ್ಟೆ. ಹಸ್ತಾಂತರ ಸರಿಯಾದರೆ ತಂಡದ ಕಾಲ ಒಬ್ಬೊಬ್ಬರ ಕಾಲದ ಮೊತ್ತಕ್ಕಿಂತ ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಲೆಕ್ಕ ಬೇಕಿಲ್ಲ.

ಕಾಲುಹಾದಿಯ ರಿಲೇಯಲ್ಲಿ ಈ ಲಾಭ ಇಲ್ಲ. ಹತ್ತು ಕಿಲೋಮೀಟರ್ ಓಡುವವರಿಗೆ ಅರ್ಧ ಸೆಕೆಂಡು ಉಳಿದರೇನು, ಹೋದರೇನು? ಅಲ್ಲಿ ಕೈ ಬದಲಾಗುವುದು ಜವವಲ್ಲ, ದಾರಿಯ ತಿಳಿವಳಿಕೆ. ರಾತ್ರಿಯ ನನ್ನ ಸುತ್ತಿಗೆ ಮುಂಚೆ ಓಡಿ ಬಂದವರು ನಮ್ಮ ದೈಹಿಕ ಶಿಕ್ಷಕರು. ವಯಸ್ಸು ಐವತ್ತು ದಾಟಿದೆ, ತಂಡದಲ್ಲಿ ಎಲ್ಲರಿಗಿಂತ ನಿಧಾನ. ಏದುಸಿರು ಬಿಡುತ್ತ ಪಟ್ಟಿ ಬಿಚ್ಚುವಷ್ಟರಲ್ಲಿ ಅವರು ಹೇಳಿದ್ದು ಇಷ್ಟು: "ನೋಡಮ್ಮ, ಎರಡನೇ ಉಣುಗೋಲು ದಾಟಿದ ಮೇಲೆ ಬಾಣದ ಗುರುತು ಬಿದ್ದೋಗಿದೆ, ಎಡಕ್ಕೆ ಹೋಗು. ಹಳ್ಳದ ಸಂಕ ಜಾರ್ತದೆ, ಓಡ್ಬೇಡ, ನಡ್ಕೊಂಡೇ ದಾಟು. ಮೇಲೆ ನೀರು ಖಾಲಿ, ಇಲ್ಲೇ ಕುಡ್ದು ಹೋಗು." ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಆದರೆ ಆ ಮೂರು ಮಾತುಗಳಿಂದ, ಹೆಡ್‌ಟಾರ್ಚಿನ ಬೆಳಕು ಹತ್ತು ಹೆಜ್ಜೆಗಿಂತ ಮುಂದೆ ಹೋಗದ ಮಂಜಿನಲ್ಲೂ ನನಗೆ ಎಲ್ಲಿ ಎಚ್ಚರ ಬೇಕು, ಎಲ್ಲಿ ಧೈರ್ಯವಾಗಿ ಓಡಬಹುದು ಎಂಬುದು ಗೊತ್ತಿತ್ತು. ತಂಡದ ನಿಧಾನದ ಓಟಗಾರರು ಆ ರಾತ್ರಿ ಎಲ್ಲರಿಗಿಂತ ಒಳ್ಳೆಯ ಹಸ್ತಾಂತರ ಮಾಡಿದರು. ಅವರ ಸುತ್ತಿನ ಕಾಲವನ್ನು ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ.

ಈಗ ನಮ್ಮ ಬೋಧನಾಭ್ಯಾಸಕ್ಕೆ ಬರೋಣ. ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹೆಚ್ಚಿಸಿ, ಒಟ್ಟು 20 ವಾರ ಶಾಲೆಗಳ ಜೊತೆ ಇರಬೇಕು ಎಂದಿತು. ಮೊದಲ ವರ್ಷ ನಾಲ್ಕು ವಾರ, ಎರಡನೆಯ ವರ್ಷ ಹದಿನಾರು ವಾರ. ಒಂದು ತರಗತಿಯ ಮಕ್ಕಳ ದೃಷ್ಟಿಯಿಂದ ನೋಡಿದರೆ ಹದಿನಾರು ವಾರ ಸಣ್ಣ ಅವಧಿಯಲ್ಲ, ಶಾಲಾ ವರ್ಷದ ದೊಡ್ಡ ಪಾಲು. ಆ ಪಾಲನ್ನು ನಾವು ಒಂದು ಪೂರ್ತಿ ಓಟ ಎಂಬಂತೆ ಓಡುತ್ತೇವೆ. ನಮ್ಮ ಹಿಂದೆ ಒಬ್ಬರು ಓಡಿದ್ದರು, ನಮ್ಮ ಮುಂದೆ ಒಬ್ಬರು ಓಡಲಿದ್ದಾರೆ ಎಂಬುದು ನಮ್ಮ ಯಾವ ನಮೂನೆಯಲ್ಲೂ ಇಲ್ಲ.

ಸೂಕ್ಷ್ಮ ಬೋಧನೆಯನ್ನೇ ನೋಡಿ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಪಾಠ, ಆರು ನಿಮಿಷ ಮರುಹಿಮ್ಮಾಹಿತಿ. ಒಟ್ಟು 36 ನಿಮಿಷದ ಚಕ್ರ. ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ, ಪ್ರಚೋದನೆ ಬದಲಿಸುವ ಕೌಶಲ, ಎಲ್ಲವನ್ನೂ ಬಿಡಿಬಿಡಿಯಾಗಿ ಅಭ್ಯಾಸ ಮಾಡುತ್ತೇವೆ. ತರಗತಿಯನ್ನು ಇನ್ನೊಬ್ಬರಿಂದ ಪಡೆಯುವ ಕೌಶಲ, ಇನ್ನೊಬ್ಬರಿಗೆ ಒಪ್ಪಿಸುವ ಕೌಶಲ ಆ ಪಟ್ಟಿಯಲ್ಲಿ ಇಲ್ಲ. ಆದರೆ ನಾಳೆ ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಜೂನ್‌ನಲ್ಲೂ ಪಡೆಯುತ್ತೇವೆ, ಪ್ರತಿ ಏಪ್ರಿಲ್‌ನಲ್ಲೂ ಒಪ್ಪಿಸುತ್ತೇವೆ. ವರ್ಗಾವಣೆ ಬಂದರೆ ನಡುವರ್ಷದಲ್ಲೂ ಒಪ್ಪಿಸಬೇಕಾಗುತ್ತದೆ.

ಕೌಶಲ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಹಂತದ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ 'ಚಲನೆ' ಅಧ್ಯಾಯ ನನ್ನ ಪಾಲಿಗೆ ಬಂದಿತ್ತು. ಒಂಬತ್ತು ಪೀರಿಯಡ್ ತೆಗೆದುಕೊಂಡೆ. ದೂರ, ಸ್ಥಾನಪಲ್ಲಟ, ಸರಾಸರಿ ಜವ, ದೂರ-ಕಾಲ ನಕ್ಷೆ, ಎಲ್ಲ ಆಯಿತು. ಕೊನೆಯ ದಿನ "ಎಲ್ಲಿವರೆಗೆ ಆಯ್ತು?" ಎಂಬ ಪ್ರಶ್ನೆಗೆ ಪುಟಸಂಖ್ಯೆಯ ಉತ್ತರ ಹೋಯಿತು. ಎಲ್ಲ ಶಾಲೆಗಳಲ್ಲೂ ನಡೆಯುವ ಕ್ರಮ ಇದೇ. ಎರಡು ವಾರದ ನಂತರ ಒಂದು ಸಹಿಗಾಗಿ ಆ ಶಾಲೆಗೆ ಹೋದಾಗ ಅದೇ ತರಗತಿಯಲ್ಲಿ ಅದೇ ನಕ್ಷೆ ಕಪ್ಪುಹಲಗೆಯ ಮೇಲಿತ್ತು. ಪಾಠ ಮೊದಲಿನಿಂದ ನಡೆಯುತ್ತಿತ್ತು. ಶಿಕ್ಷಕರು ಸಂಕೋಚವಿಲ್ಲದೆ ಹೇಳಿದರು: "ಬೇಜಾರು ಮಾಡ್ಕೋಬೇಡಮ್ಮ. ಯಾರಿಗೆ ಏನು ಬಂದಿದೆ, ಏನು ಬಂದಿಲ್ಲ ನನಗೆ ಗೊತ್ತಾಗಲ್ಲ. ಪರೀಕ್ಷೆ ಹತ್ರ ಬಂತು. ಅದಕ್ಕೇ ಮತ್ತೆ ಶುರು ಮಾಡ್ದೆ."

ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಮಕ್ಕಳ ಕಡೆಯಿಂದ ನೋಡಿ. ಒಂಬತ್ತು ಪೀರಿಯಡ್ ಎಂದರೆ, ನಲವತ್ತು ನಿಮಿಷದಂತೆ ಆರು ಗಂಟೆ. ಅರ್ಥವಾಗಿದ್ದ ಮಕ್ಕಳಿಗೆ ಅದು ಎರಡನೆಯ ಸಲದ ಬೇಸರ. ಅರ್ಥವಾಗದಿದ್ದವರಿಗೆ ಅದೇ ಜಾಗದಲ್ಲಿ ಎರಡನೆಯ ಸಲದ ಎಡವು, ಏಕೆಂದರೆ ಅವರು ಎಡವಿದ ಜಾಗ ಯಾವುದೆಂದು ಹೊಸದಾಗಿ ಶುರು ಮಾಡಿದವರಿಗೆ ಯಾರೂ ಹೇಳಿರಲಿಲ್ಲ. ಸರಾಸರಿ ಜವದ ಲೆಕ್ಕ ಆ ತರಗತಿಗೆ ಬರುತ್ತಿತ್ತು; ನಕ್ಷೆಯಲ್ಲಿ ಅಡ್ಡಗೆರೆ ಸಮತಲವಾಗಿದ್ದರೆ ವಸ್ತು ನಿಂತಿದೆ ಎಂಬುದು ಅರ್ಧ ತರಗತಿಗೆ ಹೊಳೆಯುತ್ತಿರಲಿಲ್ಲ, 'ಸಮತಟ್ಟು ರಸ್ತೆಯಲ್ಲಿ ಹೋಗುತ್ತಿದೆ' ಎನ್ನುತ್ತಿದ್ದರು. ಈ ಒಂದು ಮಾತು ಮುಂದಿನವರಿಗೆ ತಲುಪಿದ್ದರೆ ಒಂಬತ್ತು ಪೀರಿಯಡ್ಡಿನ ಬದಲು ಎರಡು ಸಾಕಿತ್ತು. ನಾವು ಅದೇ ಅಧ್ಯಾಯದಲ್ಲಿ ಕಲಿಸುವುದೂ ಇದನ್ನೇ: ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಚಲಿಸಿದ ದೂರ ಎಷ್ಟೇ ಇರಲಿ, ಸ್ಥಾನಪಲ್ಲಟ ಸೊನ್ನೆ.

ಜಪಾನಿನ ಹಾಕೋನೆ ಎಕಿಡೆನ್ ಎಂಬ ಓಟದಲ್ಲಿ ಇದಕ್ಕೆ ಹತ್ತಿರದ ಒಂದು ನಿಯಮ ಇದೆ. 1920ರಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳ ಓಟ ಅದು. ಪ್ರತಿ ಜನವರಿ 2 ಮತ್ತು 3ರಂದು ಹತ್ತು ಜನರ ತಂಡಗಳು ಟೋಕಿಯೋದಿಂದ ಹಾಕೋನೆಯ ಬೆಟ್ಟಕ್ಕೆ ಹೋಗಿ ಮರಳುತ್ತವೆ, ಸುಮಾರು 217 ಕಿಲೋಮೀಟರು. ಕಾಲುಹಾದಿಯಲ್ಲ, ರಸ್ತೆ. ಅಲ್ಲಿ ಕೋಲಿನ ಬದಲು 'ತಸುಕಿ' ಎಂಬ ಬಟ್ಟೆಯ ಪಟ್ಟಿಯನ್ನು ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡು ಓಡುತ್ತಾರೆ. ಮುಂಚೂಣಿಯ ತಂಡಕ್ಕಿಂತ ನಿಗದಿತ ನಿಮಿಷಗಳಷ್ಟು ಹಿಂದೆ ಬಿದ್ದ ತಂಡದ ಮುಂದಿನ ಓಟಗಾರ ಇನ್ನು ಕಾಯುವಂತಿಲ್ಲ. ತನ್ನ ತಂಡದ ಪಟ್ಟಿ ಬಾರದಿದ್ದರೂ ಬದಲಿ ಪಟ್ಟಿ ತೊಟ್ಟು ಹೊರಡಬೇಕು. ಓಟ ಮುಂದುವರಿಯುತ್ತದೆ, ಪಟ್ಟಿಯ ಸರಣಿ ಮಾತ್ರ ಕಡಿಯುತ್ತದೆ. ಅಲ್ಲಿ ಅದನ್ನು ದೊಡ್ಡ ದುಃಖವೆಂದು ಭಾವಿಸುತ್ತಾರೆ.

ನಮ್ಮಲ್ಲಿ ಇದು ದುಃಖವೂ ಅಲ್ಲ, ಸುದ್ದಿಯೂ ಅಲ್ಲ, ವಾಡಿಕೆ. ಎಂಟನೆಯ ತರಗತಿಯಲ್ಲಿ ಏನು ತಲುಪಿತು, ಏನು ದಾರಿಯಲ್ಲಿ ಉಳಿಯಿತು ಎಂಬುದು ಗೊತ್ತಾಗುವ ಮುಂಚೆಯೇ ಜೂನ್ ಬರುತ್ತದೆ, ಒಂಬತ್ತನೆಯ ತರಗತಿ ಬದಲಿ ಪಟ್ಟಿ ತೊಟ್ಟು ಹೊರಡುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ನಡೆಸುವ 'ಸೇತುಬಂಧ' ಕಾರ್ಯಕ್ರಮ ಈ ಅಂತರವನ್ನು ಒಪ್ಪಿಕೊಂಡೇ ಹುಟ್ಟಿದ್ದು. ಪೂರ್ವ ಪರೀಕ್ಷೆ ಮಾಡಿ, ಹಿಂದಿನ ತರಗತಿಯ ಸಾಮರ್ಥ್ಯಗಳಲ್ಲಿ ಕೊರತೆ ಎಲ್ಲಿದೆ ಎಂದು ಹುಡುಕಿ, ಅದನ್ನು ತುಂಬಿಸಿ ಮುಂದೆ ಹೋಗುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶ. ಆದರೆ ಒಂದು ವಿಚಿತ್ರ ಗಮನಿಸಿ: ಹಿಂದಿನ ವರ್ಷ ಅದೇ ಮಕ್ಕಳಿಗೆ ಕಲಿಸಿದ ಶಿಕ್ಷಕರು ಎಷ್ಟೋ ಕಡೆ ಪಕ್ಕದ ಕೋಣೆಯಲ್ಲೇ ಇರುತ್ತಾರೆ. ದಾರಿ ಓಡಿ ಬಂದವರು ಕಣದಲ್ಲೇ ಕುಳಿತಿರುವಾಗ ನಾವು ದಾರಿಯ ಬಗ್ಗೆ ಪ್ರಶ್ನೆಪತ್ರಿಕೆಯನ್ನು ಮಾತ್ರ ಕೇಳುತ್ತೇವೆ.

ಹಾಗಾದರೆ ನಾವು ಪ್ರಶಿಕ್ಷಣಾರ್ಥಿಗಳು ಮಾಡಬಹುದಾದದ್ದೇನು? ನನ್ನ ಸಲಹೆ ಚಿಕ್ಕದು. ಪ್ರತಿ ಘಟಕದ ಕೊನೆಗೆ ಒಂದೇ ಪುಟದ 'ಒಪ್ಪಿಸುವ ಟಿಪ್ಪಣಿ' ಬರೆಯುವುದು. ಅದರಲ್ಲಿ ನಾಲ್ಕೇ ಅಂಶ. ಮಕ್ಕಳು ಈಗ ತಾವೇ ಏನು ಮಾಡಬಲ್ಲರು? ತರಗತಿ ಎಲ್ಲಿ ಎಡವುತ್ತದೆ? ನಾನು ಪ್ರಯತ್ನಿಸಿದ ಯಾವ ದಾರಿ ಫಲಿಸಿತು, ಯಾವುದು ಫಲಿಸಲಿಲ್ಲ? ಮುಂದಿನ ಪಾಠಕ್ಕೆ ಮುಂಚೆ ಯಾವ ಒಂದು ವಿಷಯ ಮತ್ತೆ ನೋಡಬೇಕು? ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು ಬರುವುದಲ್ಲ. ಹತ್ತು ನಿಮಿಷ ಮಾರ್ಗದರ್ಶಕ ಶಿಕ್ಷಕರ ಎದುರು ಕುಳಿತು ಹೇಳುವುದು. ಹಾಗೆಯೇ ತರಗತಿ ತೆಗೆದುಕೊಳ್ಳುವ ಮುಂಚೆ ಇದೇ ನಾಲ್ಕು ಪ್ರಶ್ನೆಗಳನ್ನು ಅವರಿಗೆ ಕೇಳುವುದು.

ಎರಡನೆಯ ಹಂತದಲ್ಲಿ ಎಂಟನೇ ತರಗತಿಯ ಗಣಿತಕ್ಕೆ ಇದನ್ನು ಮಾಡಿ ನೋಡಿದೆ. ರೇಖಾತ್ಮಕ ಸಮೀಕರಣಗಳ ಘಟಕ. ಟಿಪ್ಪಣಿಯಲ್ಲಿ ಬರೆದ ಮುಖ್ಯ ಮಾತು ಇದು: ಪಕ್ಷಾಂತರ ಮಾಡುವಾಗ 'ಆ ಕಡೆ ಹೋದರೆ ಚಿಹ್ನೆ ಬದಲು' ಎಂದು ಮಕ್ಕಳು ಬಾಯಿಪಾಠ ಹೇಳುತ್ತಾರೆ, ಎರಡೂ ಬದಿಗೆ ಒಂದೇ ಕ್ರಿಯೆ ಮಾಡುತ್ತಿದ್ದೇವೆ ಎಂಬುದು ತಿಳಿದಿಲ್ಲ, ಹಾಗಾಗಿ ಗುಣಕವನ್ನು ಆ ಕಡೆ ಒಯ್ಯುವಾಗಲೂ ಚಿಹ್ನೆಯನ್ನೇ ಬದಲಿಸುತ್ತಾರೆ, ತಕ್ಕಡಿಯ ಚಿತ್ರ ಬರೆದಾಗ ಹೆಚ್ಚಿನವರು ಸರಿಪಡಿಸಿಕೊಂಡರು. ಮೇಡಂ ಐದು ನಿಮಿಷದಲ್ಲಿ ಓದಿ ಮುಗಿಸಿದರು. ಮುಂದಿನ ಪಾಠವನ್ನು ತಕ್ಕಡಿಯಿಂದಲೇ ಆರಂಭಿಸುವುದಾಗಿ ಹೇಳಿದರು. ಆಮೇಲೆ, ಕೊನೆಯ ಬೆಂಚಿನಿಂದ ಯಾವಾಗಲೂ ತಪ್ಪು ಲೆಕ್ಕ ಬರೆಯುತ್ತಿದ್ದ ಒಬ್ಬ ಹುಡುಗನ ಮಾತು ಬಂದಾಗ, "ಅವನಿಗೆ ಲೆಕ್ಕ ಬರ್ತದೆ ಕಣಮ್ಮ, ಬೋರ್ಡ್ ಕಾಣಲ್ಲ. ಮನೇಲಿ ಹೇಳಿ ಕಳ್ಸಿದೀನಿ, ಇನ್ನೂ ಕನ್ನಡಕ ಮಾಡಿಸಿಲ್ಲ. ಮುಂದೆ ಕೂರಿಸಿ ನೋಡು" ಎಂದರು. ಉಳಿದ ಎರಡು ದಿನ ಅವನು ಮುಂದಿನ ಬೆಂಚಿನಲ್ಲಿ ಕುಳಿತ. ಇಳಿಸಿಕೊಂಡ ಲೆಕ್ಕಗಳಲ್ಲಿ ಅಂಕಿ ತಪ್ಪಲಿಲ್ಲ. ಹಸ್ತಾಂತರ ಎರಡು ಕಡೆಯ ಮಾತು ಎಂಬುದು ನನಗೆ ಸ್ಪಷ್ಟವಾದದ್ದು ಅಲ್ಲಿ. ಮೇಡಂ ಅವರಿಗೆ ಗೊತ್ತಿದ್ದ ಸಂಗತಿ ಮೊದಲ ದಿನವೇ ದಾಟಿ ಬರುವಂಥ ವ್ಯವಸ್ಥೆ ಇದ್ದಿದ್ದರೆ ಆ ಹುಡುಗನಿಗೆ ಎರಡು ದಿನವಲ್ಲ, ಪೂರ್ತಿ ಘಟಕ ಸಿಗುತ್ತಿತ್ತು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ಹೇಳಿಬಿಡುತ್ತೇನೆ.

ಮೊದಲನೆಯದು ನಮ್ಮವರದೇ: "ಇನ್ನೊಂದು ರೆಕಾರ್ಡಾ?" ನ್ಯಾಯವಾದ ಕೂಗು. ಬರೆಯುವುದು ಈಗಾಗಲೇ ಸಾಕಷ್ಟಿದೆ. ಹಾಗಾಗಿ ಸೇರಿಸುವುದಲ್ಲ, ಬದಲಿಸುವುದು ನನ್ನ ಕೋರಿಕೆ. ಪ್ರತಿಫಲನಾತ್ಮಕ ದಿನಚರಿಯಲ್ಲಿ 'ಇಂದಿನ ತರಗತಿ ಚೆನ್ನಾಗಿ ಆಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ಎಂದು ದಿನವೂ ಬರೆಯುವ ನಾಲ್ಕು ಸಾಲುಗಳಿಗೆ ಓದುಗರೇ ಇಲ್ಲ. ಒಪ್ಪಿಸುವ ಟಿಪ್ಪಣಿಗೆ ಒಬ್ಬ ನಿಜವಾದ ಓದುಗರಿದ್ದಾರೆ, ಅವರಿಗೆ ಅದು ನಾಳೆ ಬೆಳಗ್ಗೆಯೇ ಬೇಕು. ಅಂಥ ಬರಹವನ್ನು ಸುಮ್ಮನೆ ತುಂಬಿಸಲು ಆಗುವುದಿಲ್ಲ.

ಎರಡನೆಯದು ಶಾಲೆಯವರದು: ಸಮಯ ಎಲ್ಲಿದೆ? ನಾವು ತರಗತಿ ತೆಗೆದುಕೊಂಡಾಗ ಶಿಕ್ಷಕರಿಗೆ ಬೇರೆ ತರಗತಿ, ಬೇರೆ ಮಾಹಿತಿ ಕಳಿಸುವ ಕೆಲಸ, ಬಿಸಿಯೂಟದ ಲೆಕ್ಕ ಕಾದಿರುತ್ತದೆ. ಇದು ಸತ್ಯ, ಅವರನ್ನು ದೂರುವಂತಿಲ್ಲ. ಆದರೆ ಇಪ್ಪತ್ತು ನಿಮಿಷ ಕೊಟ್ಟರೆ ಗಂಟೆಗಟ್ಟಲೆ ಸಮಯ ಉಳಿಯುವ ವ್ಯವಹಾರ ಇದು ಎಂದು ವಿವರಿಸಿ ಹೇಳಿದರೆ ಬೇಡ ಎನ್ನುವವರು ಕಡಿಮೆ ಎಂಬುದು ನನ್ನ ನಂಬಿಕೆ. ಕಾಯುವವರ ಕೆಲಸವೂ ಓಟದ ಭಾಗವೇ. ಕಣದಲ್ಲಿ ಕಾಯುತ್ತಿದ್ದವರು ಶೂ ಲೇಸು ಬಿಗಿದು, ಟಾರ್ಚು ಹೊತ್ತಿಸಿ ನೋಡಿ, ಬರುವವರ ದಾರಿ ನೋಡುತ್ತ ನಿಂತಿರುತ್ತಿದ್ದರು. ನಿದ್ದೆ ಹೋದವರನ್ನು ಉಳಿದವರು ಎಬ್ಬಿಸುತ್ತಿದ್ದರು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಮಕ್ಕಳ ಬಗ್ಗೆ ಬರೆದು ದಾಟಿಸುವುದರಲ್ಲಿ ಅಪಾಯ ಇದೆ. 'ಇವನು ದಡ್ಡ', 'ಇವಳು ಗಮನ ಕೊಡುವುದಿಲ್ಲ' ಎಂಬ ಹಣೆಪಟ್ಟಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತ ಹತ್ತನೇ ತರಗತಿಯವರೆಗೂ ಮಗುವಿನ ಬೆನ್ನು ಬಿಡದಿರಬಹುದು. ಸ್ಟಾಫ್‌ರೂಮಿನ ಮಾತುಕತೆಯಲ್ಲಿ ಈ ಬಗೆಯ ಹಸ್ತಾಂತರ ಯಾವ ನಮೂನೆಯೂ ಇಲ್ಲದೆ ಚೆನ್ನಾಗಿಯೇ ನಡೆಯುತ್ತಿದೆ. ಅದಕ್ಕೇ ಟಿಪ್ಪಣಿಗೆ ಒಂದು ಕಟ್ಟುನಿಟ್ಟಿನ ನಿಯಮ ಬೇಕು: ಬರೆಯುವುದು ದಾರಿಯ ಬಗ್ಗೆ, ಓಡುವವರ ಬಗ್ಗೆ ಅಲ್ಲ. ನಮ್ಮ ದೈಹಿಕ ಶಿಕ್ಷಕರು 'ಸಂಕ ಜಾರುತ್ತದೆ' ಎಂದರೇ ಹೊರತು 'ನೀನು ಜಾರುವವಳು' ಎನ್ನಲಿಲ್ಲ. 'ಈ ಹುಡುಗನಿಗೆ ಗಣಿತ ಬರುವುದಿಲ್ಲ' ಎಂಬುದು ಹಣೆಪಟ್ಟಿ. 'ಹಿಂದಿನ ಬೆಂಚಿನಿಂದ ಬೋರ್ಡ್ ಕಾಣುವುದಿಲ್ಲ' ಎಂಬುದು ದಾರಿಯ ಗುರುತು. ಎರಡರ ವ್ಯತ್ಯಾಸ ಗುರುತಿಸುವುದಕ್ಕೂ ತರಬೇತಿ ಬೇಕು, ಆ ತರಬೇತಿ ಕೊಡಬಹುದಾದ ಜಾಗ ಬಿ.ಇಡಿ. ಕಾಲೇಜೇ.

ರಿಲೇಯ ಹೋಲಿಕೆ ಎಲ್ಲ ಕಡೆಯೂ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ಮಗು ನಾವು ಕೈಯಿಂದ ಕೈಗೆ ದಾಟಿಸುವ ಕೋಲಲ್ಲ. ಪೂರ್ತಿ ದೂರವನ್ನು ಓಡುವುದು ಮಗುವೇ. ಶಿಕ್ಷಕರಾದ ನಾವು ಒಬ್ಬೊಬ್ಬರು ಒಂದೊಂದು ಹಂತದಲ್ಲಿ ಜೊತೆಗೆ ಓಡುತ್ತೇವೆ ಅಷ್ಟೆ. ಹಾಗಿರುವುದರಿಂದಲೇ ಹಸ್ತಾಂತರದ ಹೊಣೆ ಇನ್ನೂ ಹೆಚ್ಚು. ನಾವು ಬದಲಾದಾಗಲೆಲ್ಲ ಮಗು ನಿಂತು, ಹೊಸಬರಿಗೆ ತನ್ನನ್ನು ಮೊದಲಿನಿಂದ ಪರಿಚಯಿಸಿಕೊಳ್ಳಬೇಕಾಗುತ್ತದೆ. ಮಾತು ಬರುವ ಮಕ್ಕಳು ಹೇಗೋ ಮಾಡಿಕೊಳ್ಳುತ್ತಾರೆ. ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರುವವರು ಮಾಡಿಕೊಳ್ಳುವುದಿಲ್ಲ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಮೂರು ಕೋರಿಕೆ. ಮುಂದಿನ ತಂಡದ ಬೋಧನಾಭ್ಯಾಸದಿಂದಲೇ ಪ್ರತಿ ಘಟಕಕ್ಕೆ ಒಪ್ಪಿಸುವ ಟಿಪ್ಪಣಿಯನ್ನು ದಿನಚರಿಯ ಒಂದು ಭಾಗಕ್ಕೆ ಬದಲಾಗಿ ಇಡಿ. ಸೂಕ್ಷ್ಮ ಬೋಧನೆಯ ವಾರದಲ್ಲಿ ಒಂದು ದಿನ, ಒಬ್ಬರು ಅರ್ಧಕ್ಕೆ ಬಿಟ್ಟ ಪಾಠವನ್ನು ಇನ್ನೊಬ್ಬರು ಮುಂದುವರಿಸುವ ಅಭ್ಯಾಸ ಮಾಡಿಸಿ. ಅವಲೋಕನ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: 'ಈ ಪಾಠ ಹಿಂದಿನ ಶಿಕ್ಷಕರು ನಿಲ್ಲಿಸಿದಲ್ಲಿಂದ ಆರಂಭವಾಯಿತೇ?' ಅಂಕ ಒಂದೇ ಇರಲಿ. ಅಂಕ ಇರುವುದನ್ನು ನಾವು ಕಲಿಯುತ್ತೇವೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ಸಹಪಾಠಿಗಳಿಗೆ ಹೇಳುವುದು ಇಷ್ಟೇ. ನಮೂನೆ ಬರುವವರೆಗೆ ಕಾಯಬೇಕಿಲ್ಲ. ಈಗ ನೀವು ಇರುವ ಶಾಲೆಯಲ್ಲಿ ಕೊನೆಯ ದಿನ ಫೋಟೊ ತೆಗೆಸಿಕೊಳ್ಳುವ ಮುಂಚೆ ಹತ್ತು ನಿಮಿಷ ಆ ವಿಷಯದ ಶಿಕ್ಷಕರ ಪಕ್ಕ ಕುಳಿತುಕೊಳ್ಳಿ. ಪುಟಸಂಖ್ಯೆ ಹೇಳಬೇಡಿ. ಎಲ್ಲಿ ಜಾರುತ್ತದೆ ಹೇಳಿ.